ಎಫ್.ಎ. ಕಪ್: ಡ್ರಾ ಆದ್ರೆ ಇನ್ನೊಂದ್ಸಲ ಆಡೋಣ

ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆದರೆ ನಮ್ಮವರು ಅರ್ಧಕ್ಕೇ ಎದ್ದು ಹೋಗ್ತಾರೆ ಅಂತ ಗೊತ್ತಿದ್ದೂ ಇವತ್ತು ಫುಟ್‌ಬಾಲ್ ಬಗ್ಗೆ ಬರೆಯೋಕೆ ಕೂತಿದ್ದೇನೆ. ಸ್ವಲ್ಪ ತಾಳ್ಮೆಯಿರಲಿ. ಇಂಗ್ಲೆಂಡಿನಲ್ಲಿ ಇರುವ ನಮ್ಮಂಥವರಿಗೆ ಇಲ್ಲಿನ ಲೀಗ್ ಫುಟ್‌ಬಾಲ್ ತಲೆಗೆ ಹತ್ತೋದಕ್ಕೆ ಕೆಲವು ವರ್ಷ ಬೇಕು. ಯಾವ ತಂಡ ಯಾವ ಊರಿನದು, ಯಾರಿಗೆ ಯಾರ ಮೇಲೆ ತಲೆತಲಾಂತರದ ಸಿಟ್ಟು, ಇದೆಲ್ಲ ಹೊರಗಿನಿಂದ ಬಂದವನಿಗೆ ಸುಲಭಕ್ಕೆ ಅರ್ಥವಾಗೋದಲ್ಲ. ಆದ್ರೆ ಎಫ್.ಎ. ಕಪ್ ಮಾತ್ರ ಮೊದಲ ವರ್ಷವೇ ಅರ್ಥವಾಗುತ್ತೆ. ಯಾಕೆಂದರೆ ಅದರ ಕಥೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರೋದೇ: ಬಡವನೂ ದೊರೆಯೂ ಒಂದೇ ಅಂಗಳದಲ್ಲಿ ನಿಂತು ಸೆಣಸೋದು.

ಮೊದಲು ಲೆಕ್ಕಾಚಾರ ಹೇಳಿಬಿಡ್ತೀನಿ. ನಮ್ಮ ರಣಜಿ ಟ್ರೋಫಿಯಲ್ಲಿ ಆಡೋದು ರಾಜ್ಯಗಳ ತಂಡಗಳು. ಎಫ್.ಎ. ಕಪ್ ಹಾಗಲ್ಲ. ಒಂದು ಮಟ್ಟದ ಮೈದಾನ ಇದ್ದು, ಲೀಗ್‌ಗಳ ಏಣಿಯಲ್ಲಿ ಇಷ್ಟನೇ ಮೆಟ್ಟಿಲಿಗಿಂತ ಕೆಳಗಿಲ್ಲ ಅಂತಾದರೆ ಯಾವ ಕ್ಲಬ್ ಬೇಕಾದರೂ ಹೆಸರು ಕೊಡಬಹುದು. ಪ್ರತಿ ವರ್ಷ 700ಕ್ಕೂ ಹೆಚ್ಚು ಕ್ಲಬ್‌ಗಳು ಕೊಡ್ತವೆ. ಆಗಸ್ಟ್ ತಿಂಗಳಲ್ಲಿ ಹಳ್ಳಿಯಂಥ ಊರುಗಳ ಮೈದಾನಗಳಲ್ಲಿ, ನೂರಿನ್ನೂರು ಜನರ ಮುಂದೆ ಶುರುವಾಗೋ ಆಟ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಮುಗಿಯುತ್ತೆ. ಮೇಲಿನ ಎರಡು ದರ್ಜೆಯ ದೊಡ್ಡ ಕ್ಲಬ್‌ಗಳು ಸೇರಿಕೊಳ್ಳೋದು ಜನವರಿಯಲ್ಲಿ ನಡೆಯೋ ಮೂರನೇ ಸುತ್ತಿಗೆ. ಯಾರಿಗೆ ಯಾರು ಎದುರಾಳಿ ಅನ್ನೋದನ್ನ ಅಂಕಿ ಬರೆದ ಚೆಂಡುಗಳನ್ನ ಎತ್ತಿ ನಿರ್ಧರಿಸ್ತಾರೆ. ದೊಡ್ಡವರನ್ನ ಬೇರೆ ಮಾಡಿ ಇಡೋ ಪದ್ಧತಿ ಇಲ್ಲ. ಹಗಲು ಬಡಗಿಯಾಗಿ ದುಡಿದು ಸಂಜೆ ಅಭ್ಯಾಸ ಮಾಡುವ ಆಟಗಾರನ ತಂಡಕ್ಕೆ ಲಿವರ್‌ಪೂಲ್ ಸಿಕ್ಕರೂ ಸಿಗಬಹುದು.

ಇನ್ನೊಂದು ನಿಯಮ ಇತ್ತು. ಪಂದ್ಯ ಡ್ರಾ ಆದರೆ ಆಟ ಮುಗಿಯಲಿಲ್ಲ. ಕೆಲವು ದಿನ ಬಿಟ್ಟು ಇನ್ನೊಂದು ತಂಡದ ಊರಿನಲ್ಲಿ ಮತ್ತೆ ಆಡಬೇಕು. ಇದಕ್ಕೆ ಇಲ್ಲಿನವರು ರೀಪ್ಲೇ ಅಂತಾರೆ, ನಾವು ಮರುಪಂದ್ಯ ಅನ್ನೋಣ. 2024-25ರ ಋತುವಿನಿಂದ ಮುಖ್ಯ ಸುತ್ತುಗಳಲ್ಲಿ ಈ ಮರುಪಂದ್ಯವನ್ನ ತೆಗೆದುಹಾಕಿದರು. ಇದೇನು ಮಹಾ, ಒಂದು ನಿಯಮ ಹೋಯ್ತು ಅಷ್ಟೇ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಕಪ್ಪಿನ ಒಂದೂವರೆ ಶತಮಾನದ ಇತಿಹಾಸವನ್ನ ಮರುಪಂದ್ಯಗಳ ಮೂಲಕವೇ ಹೇಳಿಬಿಡಬಹುದು. ಹೇಳ್ತೀನಿ ಕೇಳಿ.

1871ರ ಜುಲೈ 20. ಲಂಡನ್ನಿನ 'ದಿ ಸ್ಪೋರ್ಟ್ಸ್‌ಮನ್' ಪತ್ರಿಕೆಯ ಕಚೇರಿಯಲ್ಲಿ ಫುಟ್‌ಬಾಲ್ ಅಸೋಸಿಯೇಷನ್ನಿನ ಸಭೆ. ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ಎಂಬಾತ, ಸಂಘಕ್ಕೆ ಸೇರಿದ ಎಲ್ಲ ಕ್ಲಬ್‌ಗಳೂ ಆಡಬಹುದಾದ ಒಂದು ಕಪ್ ಇಡೋಣ ಅಂತ ಸೂಚಿಸಿದ. ಆತ ಓದಿದ ಹ್ಯಾರೋ ಶಾಲೆಯಲ್ಲಿ ಹಾಸ್ಟೆಲ್ ಹಾಸ್ಟೆಲ್‌ಗಳ ನಡುವೆ 'ಸೋತವರು ಹೊರಗೆ' ಅನ್ನುವ ಪಂದ್ಯಾವಳಿ ನಡೀತಿತ್ತು, ಅದೇ ಮಾದರಿ. ಕ್ರಿಕೆಟ್ ಪ್ರಿಯರು ಈ ಹೆಸರು ನೆನಪಿಟ್ಟುಕೊಳ್ಳಿ: 1880ರಲ್ಲಿ ಓವಲ್‌ನಲ್ಲಿ ನಡೆದ ಇಂಗ್ಲೆಂಡ್ ನೆಲದ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನ ಏರ್ಪಡಿಸಿದವನೂ ಇದೇ ಆಲ್ಕಾಕ್.

ಮೊದಲ ವರ್ಷ ಹೆಸರು ಕೊಟ್ಟದ್ದು ಬರೀ 15 ಕ್ಲಬ್. ಬಹುಪಾಲು ಲಂಡನ್ ಸುತ್ತಮುತ್ತಲಿನವು. ದೂರದಿಂದ ಬಂದದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್. ಅಷ್ಟು ದೂರದವರು ಅಂತ ಅವರಿಗೆ ವಿನಾಯಿತಿ ಕೊಟ್ಟು ನೇರವಾಗಿ ಸೆಮಿಫೈನಲ್ಲಿಗೆ ಬರೋಕೆ ಬಿಟ್ಟರು. ಊರಿನವರು ಚಂದಾ ಎತ್ತಿ ತಂಡವನ್ನ ರೈಲು ಹತ್ತಿಸಿದರು. ಎದುರಾಳಿ ಆಲ್ಕಾಕ್‌ನ ಸ್ವಂತ ತಂಡವಾದ ವಾಂಡರರ್ಸ್. ಪಂದ್ಯ 0-0. ನಿಯಮದ ಪ್ರಕಾರ ಇನ್ನೊಮ್ಮೆ ಆಡಬೇಕು, ಅದೂ ಲಂಡನ್ನಿನಲ್ಲೇ. ಕ್ವೀನ್ಸ್ ಪಾರ್ಕ್‌ನವರ ಹತ್ತಿರ ಮತ್ತೆ ಬರೋಕೆ ದುಡ್ಡಿರಲಿಲ್ಲ. ಒಂದು ಗೋಲನ್ನೂ ಬಿಟ್ಟುಕೊಡದೆ ಸ್ಪರ್ಧೆಯಿಂದ ಹಿಂದೆ ಸರಿದು ಊರಿಗೆ ಹೊರಟರು. ಅಂದರೆ ಮೊದಲ ವರ್ಷದಲ್ಲೇ ಮರುಪಂದ್ಯದ ಖರ್ಚು ಒಂದು ತಂಡವನ್ನ ಹೊರಗಟ್ಟಿತು.

1872ರ ಮಾರ್ಚ್ 16ರಂದು ಕೆನ್ನಿಂಗ್ಟನ್ ಓವಲ್‌ನಲ್ಲಿ ಫೈನಲ್. ಪ್ರವೇಶಕ್ಕೆ ಒಂದು ಶಿಲ್ಲಿಂಗ್, ಬಂದ ಜನ ಸುಮಾರು 2000. ಸೇನೆಯ ರಾಯಲ್ ಎಂಜಿನಿಯರ್ಸ್ ತಂಡವನ್ನ ವಾಂಡರರ್ಸ್ 1-0ಯಿಂದ ಸೋಲಿಸಿತು. ಗೋಲು ಹೊಡೆದ ಮಾರ್ಟನ್ ಪೀಟೋ ಬೆಟ್ಸ್ ಆಡಿದ್ದು 'ಎ. ಎಚ್. ಚೆಕರ್' ಅನ್ನೋ ಸುಳ್ಳು ಹೆಸರಿನಲ್ಲಿ. ಎಂಜಿನಿಯರ್ಸ್ ತಂಡದ ಕ್ರೆಸ್‌ವೆಲ್ ಶುರುವಿನಲ್ಲೇ ಕಾಲರ್ ಬೋನ್ ಮುರಿದುಕೊಂಡ. ಆಗ ಬದಲಿ ಆಟಗಾರ ಅನ್ನೋದೇ ಇರಲಿಲ್ಲವಲ್ಲ, ನೋವಿನಲ್ಲೇ ಕೊನೇತನಕ ಆಡಿದ. ಗೆದ್ದವರಿಗೆ ಸಿಕ್ಕ ಬೆಳ್ಳಿ ಕಪ್ಪಿನ ಬೆಲೆ ಸುಮಾರು 20 ಪೌಂಡ್.

ಮೊದಲ ಹತ್ತು ವರ್ಷ ಈ ಕಪ್ಪು ಶ್ರೀಮಂತರ ಮಕ್ಕಳದ್ದೇ. ಈಟನ್, ಹ್ಯಾರೋ ಥರದ ಶಾಲೆಗಳಲ್ಲಿ ಓದಿದವರು, ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಸೇನಾಧಿಕಾರಿಗಳು. ಉತ್ತರದ ಲ್ಯಾಂಕಶೈರ್‌ನ ಹತ್ತಿ ಗಿರಣಿಗಳ ಊರುಗಳಲ್ಲಿ ಕೂಲಿಕಾರರೂ ಅಷ್ಟೊತ್ತಿಗೆ ಚೆಂಡು ಒದೆಯೋಕೆ ಶುರುಮಾಡಿದ್ದರು. 1879ರಲ್ಲಿ ಅಂಥ ಒಂದು ಊರು ಡಾರ್ವೆನ್, ಕ್ವಾರ್ಟರ್ ಫೈನಲ್‌ನಲ್ಲಿ ಓಲ್ಡ್ ಈಟೋನಿಯನ್ಸ್ ತಂಡವನ್ನ ಎದುರಿಸಿತು. 5-1ರಿಂದ ಹಿಂದೆ ಬಿದ್ದಿದ್ದ ಗಿರಣಿ ಹುಡುಗರು ಕೊನೆಯಲ್ಲಿ ನಾಲ್ಕು ಗೋಲು ಹೊಡೆದು 5-5 ಮಾಡಿದರು! ಇನ್ನಷ್ಟು ಹೊತ್ತು ಆಡೋಣ ಅಂದರೆ ಈಟನ್‌ನವರು ಒಪ್ಪಲಿಲ್ಲ. ಮರುಪಂದ್ಯಕ್ಕೆ ನಮ್ಮೂರಿಗೆ ಬನ್ನಿ ಅಂದರೆ ಅದಕ್ಕೂ ಒಪ್ಪಲಿಲ್ಲ. ಡಾರ್ವೆನ್ನಿನ ಜನ ಚಂದಾ ಕೂಡಿಸಿ ತಂಡವನ್ನ ಮತ್ತೆ ಲಂಡನ್ನಿಗೆ ಕಳಿಸಿದರು. ಅದೂ 2-2. ಮೂರನೇ ಸಲವೂ ಕಳಿಸಿದರು. ಅಷ್ಟೊತ್ತಿಗೆ ದಣಿದಿದ್ದ ತಂಡ 6-2ರಿಂದ ಸೋತಿತು. ಈಟನ್‌ನವರು ಆ ವರ್ಷ ಕಪ್ ಗೆದ್ದರು.

ಕ್ವೀನ್ಸ್ ಪಾರ್ಕ್, ಡಾರ್ವೆನ್ ಎರಡೂ ಕಥೆ ಪಕ್ಕಪಕ್ಕ ಇಟ್ಟು ನೋಡಿ. ಆ ಕಾಲದಲ್ಲಿ ಮರುಪಂದ್ಯ ಅಂದ್ರೆ ಬಡ ತಂಡಕ್ಕೆ ಶಿಕ್ಷೆ. ಆಟದಲ್ಲಿ ಸಮಬಲ ಸಾಧಿಸಿದ್ರೂ ರೈಲಿನ ಟಿಕೆಟ್ಟಿನಲ್ಲಿ ಸೋಲಬೇಕು.

ಆದರೆ ಕಾಲ ಬದಲಾಗ್ತಾ ಇತ್ತು. 1883ರ ಫೈನಲ್‌ನಲ್ಲಿ ಅದೇ ಲ್ಯಾಂಕಶೈರ್‌ನ ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಅದೇ ಓಲ್ಡ್ ಈಟೋನಿಯನ್ಸ್ ತಂಡವನ್ನ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿತು. ಗೆದ್ದ ತಂಡದಲ್ಲಿ ನೇಕಾರರಿದ್ದರು, ಒಬ್ಬ ಪ್ಲಂಬರ್ ಇದ್ದ. ಗೆಲುವಿನ ಗೋಲು ಹೊಡೆದ ಜಿಮ್ಮಿ ಕಾಸ್ಟ್ಲಿ ಗಿರಣಿಯಲ್ಲಿ ನೂಲುವವನು. ಫೈನಲ್ಲಿಗೆ ಮುಂಚೆ ಇವರು ಬ್ಲ್ಯಾಕ್‌ಪೂಲ್‌ಗೆ ಹೋಗಿ ದಿನಗಟ್ಟಲೆ ಅಭ್ಯಾಸ ಮಾಡಿದ್ದರು. ಆಟಕ್ಕೆ ಅಭ್ಯಾಸ ಮಾಡೋದೇ ದೊಡ್ಡ ಮನುಷ್ಯರ ಲಕ್ಷಣ ಅಲ್ಲ ಅಂತ ಅಂದುಕೊಂಡಿದ್ದ ಕಾಲದಲ್ಲಿ! ಅದಾದ ಮೇಲೆ 1901ರವರೆಗೆ ಕಪ್ ಲಂಡನ್ನಿನ ಕಡೆ ಮುಖ ಹಾಕಲಿಲ್ಲ. ಕೂಲಿಕಾರ ಆಡಬೇಕಾದರೆ ಅವನ ಸಂಬಳ ಯಾರು ಕೊಡ್ತಾರೆ ಅನ್ನೋ ಜಗಳವೂ ಶುರುವಾಯಿತು. 1884ರಲ್ಲಿ ಪ್ರೆಸ್ಟನ್ ತಂಡದ ಮುಖ್ಯಸ್ಥ ವಿಲಿಯಂ ಸಡೆಲ್, ಹೌದು, ನಾವು ಆಟಗಾರರಿಗೆ ಹಣ ಕೊಡ್ತೀವಿ ಅಂತ ಒಪ್ಪಿಕೊಂಡ. ತಂಡವನ್ನ ಆ ವರ್ಷದ ಕಪ್ಪಿನಿಂದ ಹೊರಗೆ ಹಾಕಿದರು. ಮರುವರ್ಷ, 1885ರ ಜುಲೈನಲ್ಲಿ, ಸಂಘವೇ ಬಗ್ಗಿ ವೃತ್ತಿಪರ ಆಟಕ್ಕೆ ಒಪ್ಪಿಗೆ ಕೊಡಬೇಕಾಯಿತು.

ಇದೇ ಕಾಲದಲ್ಲಿ ಬ್ರಿಟಿಷ್ ಸೈನಿಕರು, ಅಧಿಕಾರಿಗಳು ಈ 'ಸೋತವರು ಹೊರಗೆ' ಮಾದರಿಯನ್ನ ನಮ್ಮ ದೇಶಕ್ಕೂ ಹೊತ್ತು ತಂದರು. 1888ರಲ್ಲಿ ಸಿಮ್ಲಾ ಕಡೆಯ ಬೆಟ್ಟಗಳಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್. ಎರಡನ್ನೂ ದಶಕಗಳ ಕಾಲ ಗೋರಾ ಪಲ್ಟನ್‌ಗಳೇ ಗೆದ್ದವು. ರೋವರ್ಸ್ ಕಪ್ಪನ್ನ ಅವರ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ ಯಾವುದು ಗೊತ್ತೇ? ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಇನ್ನೊಮ್ಮೆಯೂ ಗೆದ್ದರು. ಬ್ಲ್ಯಾಕ್‌ಬರ್ನ್‌ನ ನೇಕಾರರ ಹೆಸರು ಇಲ್ಲಿನವರಿಗೆ ಗೊತ್ತಿದೆ, ಇವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ.

ಇರಲಿ, ಮತ್ತೆ ಇಂಗ್ಲೆಂಡಿಗೆ ಬರೋಣ. 1895ರಲ್ಲಿ ಒಂದು ಸ್ವಾರಸ್ಯ ನಡೆಯಿತು. ಕಪ್ ಗೆದ್ದಿದ್ದ ಆಸ್ಟನ್ ವಿಲ್ಲಾ ತಂಡದವರು ಅದನ್ನ ಬರ್ಮಿಂಗ್‌ಹ್ಯಾಮ್‌ನ ಬೂಟಿನ ಅಂಗಡಿಯೊಂದರ ಕಿಟಕಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಸೆಪ್ಟೆಂಬರ್ 11ರ ರಾತ್ರಿ ಕಳುವಾಯಿತು! ಮತ್ತೆ ಸಿಗಲೇ ಇಲ್ಲ. ಸಂಘದವರು ವಿಲ್ಲಾಗೆ 25 ಪೌಂಡ್ ದಂಡ ಹಾಕಿ, ಅದೇ ಥರದ ಇನ್ನೊಂದು ಕಪ್ ಮಾಡಿಸಿದರು. 1911ರಲ್ಲಿ ದೊಡ್ಡದಾದ ಮೂರನೇ ಕಪ್ ಮಾಡಿಸಿದಾಗ ಅದನ್ನ ತಯಾರಿಸಿದ್ದು ಬ್ರಾಡ್‌ಫರ್ಡ್ ಊರಿನವರು. ಆ ವರ್ಷ ಅದನ್ನ ಮೊದಲು ಗೆದ್ದದ್ದೂ ಬ್ರಾಡ್‌ಫರ್ಡ್ ಸಿಟಿ. ಅದೂ ಹೇಗೆ? ಮೊದಲ ಪಂದ್ಯ 0-0, ಮರುಪಂದ್ಯದಲ್ಲಿ ನ್ಯೂಕಾಸಲ್ ವಿರುದ್ಧ 1-0.

ಅದಕ್ಕೂ ಮುಂಚೆ 1901ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಫೈನಲ್ ನೋಡೋಕೆ 1,10,820 ಜನ ಸೇರಿದ್ದರು. ಟಾಟನ್‌ಹ್ಯಾಮ್ ಮತ್ತು ಶೆಫೀಲ್ಡ್ ಯುನೈಟೆಡ್, 2-2. ಮರುಪಂದ್ಯ ಬೋಲ್ಟನ್ ಊರಿನಲ್ಲಿ. ಅಲ್ಲಿನ ಸ್ಟೇಷನ್ ಕಟ್ಟೋ ಕೆಲಸ ನಡೀತಿತ್ತು ಅಂತ ರೈಲು ಕಂಪನಿಯವರು ರಿಯಾಯಿತಿ ಟಿಕೆಟ್ ಕೊಡಲಿಲ್ಲ. ಬಂದದ್ದು ಸುಮಾರು 20 ಸಾವಿರ ಜನ ಮಾತ್ರ. ಜನಜಾತ್ರೆ ಬರುತ್ತೆ ಅಂತ ಊರಿನ ಅಂಗಡಿಯವರು ರಾಶಿ ರಾಶಿ ಪೈ ಬೇಯಿಸಿ ಇಟ್ಟಿದ್ದರಂತೆ, ಅವೆಲ್ಲ ಹಾಗೇ ಉಳಿದವು. ಟಾಟನ್‌ಹ್ಯಾಮ್ 3-1ರಿಂದ ಗೆದ್ದಿತು. ಆಗ ಅದು ಫುಟ್‌ಬಾಲ್ ಲೀಗಿಗೆ ಸೇರಿದ ಕ್ಲಬ್ಬೇ ಆಗಿರಲಿಲ್ಲ. 1888ರಲ್ಲಿ ಲೀಗ್ ಶುರುವಾದ ಮೇಲೆ ಲೀಗಿನ ಹೊರಗಿನ ತಂಡವೊಂದು ಈ ಕಪ್ ಗೆದ್ದದ್ದು ಅದೊಂದೇ ಸಲ.

ಎಲ್ಲರಿಗೂ ತೆರೆದ ಬಾಗಿಲು ಅಂತ ಹೊಗಳ್ತಾ ಇರೋವಾಗ ಒಂದು ಮಾತು ಮರೆಯಬಾರದು. ಹೆಂಗಸರಿಗೆ ಈ ಬಾಗಿಲು ಮುಚ್ಚಿತ್ತು. 1920ರ ಡಿಸೆಂಬರ್ 26ರಂದು ಗೂಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಆಟ ನೋಡೋಕೆ 53 ಸಾವಿರ ಜನ ಬಂದಿದ್ದರು. ಕಾರ್ಖಾನೆಯಲ್ಲಿ ದುಡಿಯೋ ಹೆಣ್ಣುಮಕ್ಕಳ ತಂಡ ಅದು. ಒಂದೇ ವರ್ಷದಲ್ಲಿ, 1921ರ ಡಿಸೆಂಬರ್‌ನಲ್ಲಿ, ಸಂಘ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರ ಆಟ ನಡೆಸಕೂಡದು ಅಂತ ಆಜ್ಞೆ ಹೊರಡಿಸಿತು. ಈ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಮಹಿಳೆಯರ ಕಪ್ ಶುರುವಾಗಿದ್ದು 1970-71ರಲ್ಲಿ. ಅದರ ಫೈನಲ್ ವೆಂಬ್ಲಿಗೆ ಬಂದದ್ದು 2015ರಲ್ಲಿ!

ವೆಂಬ್ಲಿಯ ಮೊದಲ ಫೈನಲ್ 1923ರ ಏಪ್ರಿಲ್ 28ರಂದು. ಬೋಲ್ಟನ್ ಮತ್ತು ವೆಸ್ಟ್ ಹ್ಯಾಮ್. ಅಧಿಕೃತ ಲೆಕ್ಕ 1,26,047. ಗೋಡೆ ಹಾರಿ ಒಳಗೆ ಬಂದವರು ಸೇರಿ ಎರಡು ಲಕ್ಷ ದಾಟಿತ್ತು ಅಂತಾರೆ. ಜನ ಮೈದಾನದೊಳಗೇ ನಿಂತಿದ್ದರು. ಜಾರ್ಜ್ ಸ್ಕೋರಿ ಎಂಬ ಪೊಲೀಸ್ ಪೇದೆ ಬಿಲ್ಲಿ ಎಂಬ ಬಿಳಿ ಕುದುರೆಯ ಮೇಲೆ ಕೂತು ನಿಧಾನಕ್ಕೆ ಜನರನ್ನ ಗೆರೆಯಾಚೆ ಸರಿಸಿದ. ಅದಕ್ಕೇ ಅದು 'ಬಿಳಿ ಕುದುರೆಯ ಫೈನಲ್'. ಅಲ್ಲಿಂದ ಮುಂದೆ ಮುಂಗಡ ಟಿಕೆಟ್ ಇಲ್ಲದೆ ಪ್ರವೇಶ ಇಲ್ಲ ಅಂತ ಮಾಡಿದರು. 1927ರಲ್ಲಿ ಫೈನಲ್ ರೇಡಿಯೋದಲ್ಲಿ ಬಂತು, ಆ ವರ್ಷ ವೇಲ್ಸಿನ ಕಾರ್ಡಿಫ್ ಗೆದ್ದು ಕಪ್ಪನ್ನ ಇಂಗ್ಲೆಂಡಿನ ಹೊರಗೆ ಒಯ್ದಿತು. 1956ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್, ಒಂದು ಕಾಲದಲ್ಲಿ ಇಲ್ಲಿ ಯುದ್ಧಕೈದಿಯಾಗಿದ್ದ ಜರ್ಮನ್, ಕತ್ತಿನ ಮೂಳೆ ಮುರಿದಿದ್ದರೂ ಕೊನೆಯ ಹದಿನೇಳು ನಿಮಿಷ ಆಡಿ ಗೆಲ್ಲಿಸಿದ. ಮುರಿದಿದೆ ಅಂತ ಗೊತ್ತಾಗಿದ್ದೇ ದಿನಗಳಾದ ಮೇಲೆ.

ಈಗ ಮತ್ತೆ ಮರುಪಂದ್ಯಕ್ಕೆ ಬರ್ತೀನಿ. ಇಪ್ಪತ್ತನೇ ಶತಮಾನದಲ್ಲಿ ಅದರ ಅರ್ಥವೇ ತಿರುವುಮುರುವಾಗಿಹೋಗಿತ್ತು. ರೈಲು, ಬಸ್ಸು ಅಗ್ಗವಾದವು. ಕಪ್ ಪಂದ್ಯದ ಗೇಟ್ ಹಣವನ್ನ ಎರಡೂ ತಂಡಗಳಿಗೆ ಹಂಚೋ ಪದ್ಧತಿ ಬಂತು. ಹಾಗಾಗಿ ದೊಡ್ಡ ತಂಡದ ವಿರುದ್ಧ ಡ್ರಾ ಮಾಡಿಕೊಂಡರೆ ಸಣ್ಣ ತಂಡಕ್ಕೆ ಎರಡೆರಡು ಲಾಭ: ದೊಡ್ಡವರ ಮೈದಾನದ ಗೇಟ್ ಹಣದಲ್ಲಿ ಪಾಲು, ಆಮೇಲೆ ತನ್ನೂರಿನಲ್ಲಿ ತುಂಬಿದ ಮೈದಾನ. ಮರುಪಂದ್ಯಕ್ಕೆ ಮಿತಿಯೂ ಇರಲಿಲ್ಲ. 1971ರಲ್ಲಿ ಆಲ್ವ್‌ಚರ್ಚ್ ಮತ್ತು ಆಕ್ಸ್‌ಫರ್ಡ್ ಸಿಟಿ ಅನ್ನೋ ಎರಡು ಸಣ್ಣ ತಂಡಗಳು ಆರು ಪಂದ್ಯ, ಒಟ್ಟು ಹನ್ನೊಂದು ಗಂಟೆ ಆಡಿ ಕೊನೆಗೆ ಆಲ್ವ್‌ಚರ್ಚ್ 1-0ಯಿಂದ ಗೆದ್ದಿತು.

ಈ ಕಪ್ಪಿನ ಅತಿ ಪ್ರಸಿದ್ಧ ಗೆಲುವು ಯಾವುದು ಅಂತ ಇಲ್ಲಿ ವಯಸ್ಸಾದ ಯಾರನ್ನಾದರೂ ಕೇಳಿ, ಹೆರೆಫರ್ಡ್ ಅಂತಾರೆ. 1972ರ ಮೂರನೇ ಸುತ್ತು. ಲೀಗಿನ ಹೊರಗಿನ ಹೆರೆಫರ್ಡ್ ಯುನೈಟೆಡ್, ಮೊದಲ ದರ್ಜೆಯ ನ್ಯೂಕಾಸಲ್ ಊರಿಗೇ ಹೋಗಿ 2-2 ಮಾಡಿಕೊಂಡು ಬಂತು. ಮಳೆ ಕೆಸರು ಅಂತ ಮುಂದೂಡಿ ಮುಂದೂಡಿ ಫೆಬ್ರವರಿ 5ಕ್ಕೆ ಹೆರೆಫರ್ಡ್‌ನಲ್ಲಿ ಮರುಪಂದ್ಯ. ಮೈದಾನ ಅಂದರೆ ನಮ್ಮ ಕಡೆ ನಾಟಿಗೆ ಹದ ಮಾಡಿದ ಗದ್ದೆ ಇದ್ದ ಹಾಗೆ. ಕೊನೆಯ ಹತ್ತು ನಿಮಿಷದಲ್ಲಿ ನ್ಯೂಕಾಸಲ್ ಒಂದು ಗೋಲು ಹೊಡೆಯಿತು, ಮುಗಿಯಿತು ಅಂದುಕೊಂಡರು. ಆಗ ರಾನಿ ರ‍್ಯಾಡ್‌ಫರ್ಡ್ ಎಂಬ ಬಡಗಿ ಬಹಳ ದೂರದಿಂದ ಒದ್ದ ಚೆಂಡು ಸೀದಾ ಬಲೆಯ ಮೂಲೆಗೆ! ಪಾರ್ಕಾ ಕೋಟು ಹಾಕಿದ್ದ ಹುಡುಗರ ಹಿಂಡು ಮೈದಾನಕ್ಕೆ ನುಗ್ಗಿತು. ಹೆಚ್ಚುವರಿ ಸಮಯದಲ್ಲಿ ರಿಕಿ ಜಾರ್ಜ್ ಇನ್ನೊಂದು ಹೊಡೆದು 2-1. ಅದೇ ಬೇಸಿಗೆಯಲ್ಲಿ ಹೆರೆಫರ್ಡ್‌ಗೆ ಲೀಗಿನಲ್ಲಿ ಜಾಗ ಸಿಕ್ಕಿತು. ಇವತ್ತಿನ ನಿಯಮ ಅಂದು ಇದ್ದಿದ್ದರೆ ಮೊದಲ ದಿನವೇ ನ್ಯೂಕಾಸಲ್‌ನಲ್ಲಿ ಪೆನಾಲ್ಟಿ ಹೊಡೆದು ಮುಗಿಸಿಬಿಡ್ತಿದ್ದರು.

ಹಣದ ಉದಾಹರಣೆ ಬೇಕೆಂದರೆ ಎಕ್ಸಿಟರ್ ಸಿಟಿ ನೋಡಿ. 2003ರಲ್ಲಿ ಲೀಗಿನಿಂದ ಕೆಳಗೆ ಬಿದ್ದು, ಸಾಲದಲ್ಲಿ ಮುಳುಗಿ, ಅಭಿಮಾನಿಗಳೇ ಸೇರಿ ಟ್ರಸ್ಟ್ ಮಾಡಿ ನಡೆಸ್ತಿದ್ದ ಕ್ಲಬ್. 2005ರ ಜನವರಿಯಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿ 67 ಸಾವಿರ ಜನರ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0 ಮಾಡಿತು. ಮರುಪಂದ್ಯದಲ್ಲಿ ರೊನಾಲ್ಡೊ, ರೂನಿ ಒಂದೊಂದು ಗೋಲು ಹೊಡೆದು ಸೋಲಿಸಿದರು. ಸೋತರೇನಂತೆ, ಎರಡು ಪಂದ್ಯದ ಗೇಟ್ ಹಣ, ಟಿವಿ ಹಣ ಸೇರಿ ಸಾಲದಿಂದ ತಲೆಯೆತ್ತೋಕೆ ದಾರಿಯಾಯಿತು. 2008ರಲ್ಲಿ ಮತ್ತೆ ಲೀಗಿಗೆ ಬಂದರು.

ಮರುಪಂದ್ಯ ಒಂದೇ ದಿನ ಸಾಯಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿದರು. 1991-92ರಿಂದ ಒಂದೇ ಮರುಪಂದ್ಯ, ಆಮೇಲೆ ಪೆನಾಲ್ಟಿ. ಫೈನಲ್‌ನ ಕಟ್ಟಕಡೆಯ ಮರುಪಂದ್ಯ 1993ರಲ್ಲಿ, ಸೆಮಿಫೈನಲ್‌ನದು 1999ರಲ್ಲಿ. 2005ರಲ್ಲಿ ಮೊದಲ ಬಾರಿಗೆ ಫೈನಲ್ ಪೆನಾಲ್ಟಿಯಲ್ಲಿ ನಿರ್ಧಾರವಾಯಿತು. 2018-19ರಲ್ಲಿ ಐದನೇ ಸುತ್ತಿನಿಂದ ತೆಗೆದರು. 2024ರ ಏಪ್ರಿಲ್‌ನಲ್ಲಿ, ಇನ್ನು ಮೊದಲ ಸುತ್ತಿನಿಂದಲೇ ಇರೋದಿಲ್ಲ ಅಂತ ಫುಟ್‌ಬಾಲ್ ಅಸೋಸಿಯೇಷನ್ ಪ್ರಕಟಿಸಿತು. ಕಾರಣ: ಯುರೋಪಿನ ಚಾಂಪಿಯನ್ಸ್ ಲೀಗ್ ದೊಡ್ಡದಾಗಿದೆ, ಕ್ಯಾಲೆಂಡರಿನಲ್ಲಿ ಜಾಗ ಇಲ್ಲ. ಬದಲಿಗೆ ಪ್ರೀಮಿಯರ್ ಲೀಗ್‌ನಿಂದ ತಳಮಟ್ಟದ ಆಟಕ್ಕೆ ಹೆಚ್ಚುವರಿಯಾಗಿ 33 ಮಿಲಿಯನ್ ಪೌಂಡ್‌ವರೆಗೆ ಕೊಡಿಸ್ತೀವಿ ಅಂತ ಹೇಳಿದರು. ಕೆಳಗಿನ ದರ್ಜೆಯ ಕ್ಲಬ್‌ಗಳು, ನಮ್ಮನ್ನ ಒಂದು ಮಾತೂ ಕೇಳಲಿಲ್ಲವಲ್ಲ ಅಂತ ಬಹಿರಂಗವಾಗಿಯೇ ಸಿಟ್ಟಾದವು.

ನ್ಯಾಯವಾಗಿ ಹೇಳಬೇಕೆಂದರೆ ಎದುರಿನವರ ವಾದದಲ್ಲೂ ಹುರುಳಿದೆ. ಆಟಗಾರರು ದಣಿಯುತ್ತಾರೆ, ಅದು ಸುಳ್ಳಲ್ಲ. ಎಕ್ಸಿಟರ್ ಥರದ ಅದೃಷ್ಟ ನೂರರಲ್ಲಿ ಒಬ್ಬರಿಗೆ. ಲಾಟರಿ ನಂಬಿಕೊಂಡು ಸಂಸಾರ ನಡೆಸೋಕಾಗಲ್ಲ, ಹಾಗೇ ಕ್ಲಬ್ಬನ್ನೂ ನಡೆಸೋಕಾಗಲ್ಲ. ಹೆರೆಫರ್ಡ್ ಯುನೈಟೆಡ್ ಅಷ್ಟೆಲ್ಲ ಕೀರ್ತಿ ಇದ್ದೂ 2014ರಲ್ಲಿ ಸಾಲದಲ್ಲಿ ಮುಚ್ಚಿಹೋಯಿತು. ಊರಿನವರು ಹೊಸ ಹೆಸರಿನಲ್ಲಿ ಮತ್ತೆ ಕಟ್ಟಿಕೊಂಡಿದ್ದಾರೆ. ಪೆನಾಲ್ಟಿಯಲ್ಲಿ ಸಣ್ಣ ತಂಡವೇ ಗೆಲ್ಲೋ ಸಂಭವ ಹೆಚ್ಚು ಅಂತಲೂ ಕೆಲವರು ವಾದಿಸ್ತಾರೆ.

ಆದರೂ ನನಗೆ ಅನ್ನಿಸೋದು ಇಷ್ಟು. 1872ರಲ್ಲಿ ಮತ್ತೆ ಆಡೋಕೆ ಬಡವರ ಹತ್ತಿರ ದುಡ್ಡಿರಲಿಲ್ಲ, ಈಗ ಮತ್ತೆ ಆಡೋಕೆ ಶ್ರೀಮಂತರ ಹತ್ತಿರ ಪುರುಸೊತ್ತಿಲ್ಲ. ಎರಡು ಸಲವೂ ನಷ್ಟ ಆದದ್ದು ಒಂದೇ ಕಡೆಯವರಿಗೆ. ಹೊರೆ ಕಡಿಮೆ ಮಾಡಬೇಕಾದರೆ ಕಡಿಮೆ ಮಾಡಲಿ, ಆದರೆ ದೊಡ್ಡ ಕ್ಲಬ್‌ಗಳು ಬೇಸಿಗೆಯಲ್ಲಿ ಅಮೆರಿಕಾ, ಏಷ್ಯಾಕ್ಕೆ ಹೋಗಿ ಆಡೋ ಪ್ರದರ್ಶನ ಪಂದ್ಯಗಳಿಗೆ ದಣಿವಿನ ಲೆಕ್ಕ ಬರೋದಿಲ್ಲವೇ? ಮೊದಲ ಎರಡು ಸುತ್ತುಗಳಲ್ಲಂತೂ ದೊಡ್ಡ ಕ್ಲಬ್‌ಗಳು ಇರೋದೇ ಇಲ್ಲ. ಅಲ್ಲಿ ಯಾಕೆ ತೆಗೆಯಬೇಕಿತ್ತು?

ಹಾಗಂತ ಕಪ್ ಸತ್ತುಹೋಯಿತು ಅಂತ ನಾನು ಹೇಳೋದಿಲ್ಲ. 2025ರ ಮೇ 17ರಂದು ಕ್ರಿಸ್ಟಲ್ ಪ್ಯಾಲೇಸ್ ತಂಡ ಮ್ಯಾಂಚೆಸ್ಟರ್ ಸಿಟಿಯನ್ನ 1-0ಯಿಂದ ಸೋಲಿಸಿ ತನ್ನ ಇತಿಹಾಸದ ಮೊಟ್ಟಮೊದಲ ದೊಡ್ಡ ಪ್ರಶಸ್ತಿ ಗೆದ್ದಾಗ ದಕ್ಷಿಣ ಲಂಡನ್ನಿನ ಅಜ್ಜಂದಿರು ಮಕ್ಕಳ ಹಾಗೆ ಅತ್ತರು. ಚೆಂಡುಗಳನ್ನ ಇನ್ನೂ ಹಾಗೇ ಎತ್ತುತ್ತಾರೆ, ಯಾರಿಗೆ ಯಾರು ಬೇಕಾದರೂ ಸಿಗಬಹುದು. ಜನವರಿಯಲ್ಲಿ ನೀವೇನಾದ್ರೂ ಇಂಗ್ಲೆಂಡಿನಲ್ಲಿದ್ದರೆ ದೊಡ್ಡ ಕ್ಲಬ್ಬಿನ ಟಿಕೆಟ್ ಹುಡುಕ್ತಾ ಕೂರಬೇಡಿ. ನಿಮ್ಮೂರಿನ ಸಣ್ಣ ಕ್ಲಬ್ ಇನ್ನೂ ಕಪ್ಪಿನಲ್ಲಿ ಉಳಿದಿದೆಯೇ ನೋಡಿ. ಉಳಿದಿದ್ದರೆ ದಪ್ಪ ಕೋಟು ಹಾಕಿಕೊಂಡು, ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿ. ಆ ದುಡ್ಡು ಅವರಿಗೆ ಈಗ ಮೊದಲಿಗಿಂತ ಹೆಚ್ಚು ಬೇಕಾಗಿದೆ.